ಕಾವಲು ಕೆಲಸವೂ ಒಂದು ವೃತ್ತಿಯೇ

ಪ್ರತಿ ವರ್ಷ ಸಂಕ್ರಾಂತಿ ಹಬ್ಬ ಮುಗಿದು ಶಾಲೆ ತೆರೆದ ದಿನ, ಹಾಜರಿ ಪುಸ್ತಕ ಕೈಗೆ ತೆಗೆದುಕೊಂಡಾಗ ನನ್ನ ಕಣ್ಣು ಮೊದಲು ಹೋಗುವುದು ಹಿಂದಿನ ಬೆಂಚುಗಳ ಕಡೆಗೆ. ಹೆಸರು ಕೂಗುತ್ತೇನೆ, ಉತ್ತರವಿಲ್ಲ. "ಅವನು ಬೆಂಗಳೂರಿಗೆ ಹೋದ ಸಾರ್, ಸೆಕ್ಯೂರಿಟಿಗೆ" ಎಂದು ಪಕ್ಕದ ಹುಡುಗ ಹೇಳುತ್ತಾನೆ. ಹೇಳುವ ಧ್ವನಿಯಲ್ಲಿ ಒಂದಿಷ್ಟು ಅಸೂಯೆಯೂ ಇರುತ್ತದೆ. ಹೋದವನಿಗೆ ಸಮವಸ್ತ್ರ ಸಿಕ್ಕಿತು, ಸಂಬಳ ಸಿಕ್ಕಿತು, ಪರೀಕ್ಷೆಯ ಕಾಟ ತಪ್ಪಿತು ಎಂಬ ಭಾವನೆ.

ನಮ್ಮ ಕುಂದುರ್ಪಿ ಕಡೆಯವರಿಗೆ ಇದರ ಕಾರಣವನ್ನು ಬಿಡಿಸಿ ಹೇಳಬೇಕಾಗಿಲ್ಲ. ದೇಶದಲ್ಲಿಯೇ ಅತಿ ಕಡಿಮೆ ಮಳೆ ಕಾಣುವ ಜಿಲ್ಲೆಗಳಲ್ಲಿ ನಮ್ಮ ಅನಂತಪುರವೂ ಒಂದು. ಮಳೆಯನ್ನು ನಂಬಿ ಕಡಲೆಕಾಯಿ ಬಿತ್ತುತ್ತೇವೆ; ಕಾಯಿ ಕಟ್ಟುವ ಹೊತ್ತಿಗೆ ಮೋಡ ಮುಖ ತಿರುಗಿಸುತ್ತದೆ. ಆಗ ಮನೆಯ ಹಿರಿಯರು ಗಂಟುಮೂಟೆ ಕಟ್ಟಿ ಬೆಂಗಳೂರಿನ ಬಸ್ಸು ಹತ್ತುತ್ತಾರೆ. ಕೆಲವರು ಕಟ್ಟಡದ ಕೆಲಸಕ್ಕೆ, ಕೆಲವರು ಕಾವಲಿನ ಕೆಲಸಕ್ಕೆ. ಈ ಕಾವಲಿನ ಕೆಲಸದ ಬಗ್ಗೆ ನಮ್ಮಲ್ಲಿ ಎರಡು ತಪ್ಪು ಕಲ್ಪನೆಗಳಿವೆ. ಅದು ಕೀಳು ಕೆಲಸ ಎಂಬುದು ಒಂದು. ಅದಕ್ಕೆ ಓದು ಬೇಕಿಲ್ಲ ಎಂಬುದು ಇನ್ನೊಂದು. ಈ ಎರಡನ್ನೂ ಕುರಿತು ವಿದ್ಯಾರ್ಥಿಗಳೊಡನೆ ಮತ್ತು ಪಾಲಕರೊಡನೆ ನಾಲ್ಕು ಮಾತು ಹಂಚಿಕೊಳ್ಳಬೇಕೆಂದು ಈ ಲೇಖನ.

ಮೊದಲು ನನ್ನದೇ ಒಂದು ತಪ್ಪನ್ನು ಒಪ್ಪಿಕೊಳ್ಳುತ್ತೇನೆ. ಎಂಟು ವರ್ಷಗಳ ಹಿಂದಿನ ಮಾತು. ಒಂಬತ್ತನೆಯ ತರಗತಿಯಲ್ಲಿ ಒಬ್ಬ ಹುಡುಗ ಮೂರು ದಿನ ಸತತವಾಗಿ ಮನೆಗೆಲಸ ಬರೆದು ತರಲಿಲ್ಲ. ಸಿಟ್ಟಿನಲ್ಲಿ ನಾನು, "ಹೀಗೇ ಇರು, ನಾಳೆ ವಾಚ್‌ಮನ್ ಆಗಿ ಗೇಟು ಕಾಯುತ್ತೀಯ" ಎಂದುಬಿಟ್ಟೆ. ತರಗತಿಯೆಲ್ಲ ನಕ್ಕಿತು. ಹುಡುಗ ತಲೆ ತಗ್ಗಿಸಿ ನಿಂತ. ಅವನ ತಂದೆ ಬೆಂಗಳೂರಿನ ಒಂದು ವಸತಿ ಸಮುಚ್ಚಯದಲ್ಲಿ ರಾತ್ರಿ ಕಾವಲುಗಾರರೆಂಬುದು, ಆ ದುಡಿಮೆಯಿಂದಲೇ ಅವನ ಪುಸ್ತಕ ಬಂದಿತ್ತೆಂಬುದು ನನಗೆ ತಿಳಿದದ್ದು ಸಂಜೆ. ಮರುವಾರದಿಂದ ಅವನು ಶಾಲೆಗೆ ಬರಲಿಲ್ಲ. ಒಬ್ಬ ಮಗನೆದುರಿಗೆ ಅವನ ತಂದೆಯ ಅನ್ನವನ್ನು ಹಂಗಿಸಿದ್ದೆ. ಅದಾದ ಮೇಲೆ ಆ ಮಾತನ್ನು ನಾನು ಯಾವ ತರಗತಿಯಲ್ಲೂ ಆಡಿಲ್ಲ.

ಕಾವಲು ಕೀಳೆಂದು ನಮಗೆ ಕಲಿಸಿದವರು ಯಾರು? ನಮ್ಮ ಹಿರಿಯರಂತೂ ಅಲ್ಲ. ಕನ್ನಡ ನಾಡಿನ ಊರೂರಲ್ಲಿ ನಿಂತಿರುವ ವೀರಗಲ್ಲುಗಳನ್ನು ನೋಡಿ. ತುರುಗಳನ್ನು ಕದ್ದೊಯ್ದ ಕಳ್ಳರೊಡನೆ ಕಾದಾಡಿ ಮಡಿದವನಿಗೆ, ಊರಿನ ಮಾನ ಕಾಯಲು ಹೋಗಿ ಸತ್ತವನಿಗೆ ಜನ ಕಲ್ಲು ನಿಲ್ಲಿಸಿ ಪೂಜೆ ಮಾಡಿದರು. ಕಾದವನನ್ನು ಇಷ್ಟು ಗೌರವಿಸಿದ ನಾಡು ಮತ್ತೊಂದು ಇದ್ದೀತೆ? ನಮ್ಮೂರ ಬೆಟ್ಟದ ಮೇಲಿನ ಕೋಟೆಯೂ ಒಂದು ಕಾಲದಲ್ಲಿ ಕಾವಲಿನ ಮನೆಯೇ. ಪಾಳೆಯಗಾರರ ಕಾಲದಲ್ಲಿ ಹಳ್ಳಿಗಳನ್ನೂ ದಾರಿಗಳನ್ನೂ ಕಾಯುವುದಕ್ಕೆ 'ಕಾವಲಿ' ಎಂಬ ಸಲ್ಲಿಕೆಯಿತ್ತು. 1800ರಲ್ಲಿ ಈ ಸೀಮೆ ನಿಜಾಮನಿಂದ ಕಂಪನಿ ಸರ್ಕಾರಕ್ಕೆ ದತ್ತವಾಗಿ, ಥಾಮಸ್ ಮನ್ರೋ ಕಲೆಕ್ಟರಾಗಿ ಬಂದ ಮೇಲೆ ಪಾಳೆಯಗಾರರ ಅಧಿಕಾರ ಮುರಿಯಿತು. ಆದರೂ ಊರಿನ ತಳವಾರ ಉಳಿದ. ಸುಗ್ಗಿಯಲ್ಲಿ ರೈತ ಅವನಿಗೆ ಕಾಳು ಅಳೆದು ಕೊಡುತ್ತಿದ್ದ. ಅಷ್ಟೇಕೆ, ಕಡಲೆಕಾಯಿ ಹೊಲಕ್ಕೆ ಕಾಡುಹಂದಿ ಬೀಳದಂತೆ ರಾತ್ರಿಯಿಡೀ ಡಬ್ಬ ಬಡಿಯುತ್ತ ಎಚ್ಚರವಿದ್ದ ಹುಡುಗರು ಈ ಶಾಲೆಯಲ್ಲಿ ಎಷ್ಟು ಮಂದಿಯಿಲ್ಲ! ಕಾಯುವುದು ನಮಗೆ ಹೊಸದಲ್ಲ. ಹೊಸದೆಂದರೆ, ಅದು ಈಗ ಸಂಬಳದ ವೃತ್ತಿಯಾಗಿರುವುದು.

ಇದಕ್ಕೆ ದೂರ ಹೋಗಬೇಕಾಗಿಲ್ಲ, ನೆರೆಯ ಪಾವಗಡ ತಾಲ್ಲೂಕನ್ನೇ ನೋಡಬಹುದು. ತಿರುಮಣಿ, ವಳ್ಳೂರು, ಬಳಸಮುದ್ರ ಮೊದಲಾದ ಐದು ಗ್ರಾಮಗಳ ಸುಮಾರು 13,000 ಎಕರೆ ಭೂಮಿಯಲ್ಲಿ 2018ರಿಂದ ಸೌರ ವಿದ್ಯುತ್ ಉತ್ಪಾದನೆ ನಡೆದಿದೆ. ರೈತರು ಭೂಮಿಯನ್ನು ಮಾರಲಿಲ್ಲ, ಗುತ್ತಿಗೆಗೆ ಕೊಟ್ಟರು. ಆರಂಭದಲ್ಲಿ ಎಕರೆಗೆ ವರ್ಷಕ್ಕೆ 21,000 ರೂಪಾಯಿ. ಸಾಲುಸಾಲು ಗಾಜಿನ ಫಲಕಗಳ ನಡುವೆ ಸ್ಥಳೀಯರಿಗೆ ಸಿಕ್ಕ ಕೆಲಸಗಳೆಂದರೆ ಹುಲ್ಲು ಕತ್ತರಿಸುವುದು, ಫಲಕ ತೊಳೆಯುವುದು ಮತ್ತು ಕಾವಲು. ಕೆಲವರ ಪಾಲಿಗೆ ಅದು ತಾತ ಮುತ್ತಾತ ಉತ್ತ ನೆಲವನ್ನೇ ಬೇರೊಬ್ಬರ ಸಮವಸ್ತ್ರ ತೊಟ್ಟು ಕಾಯುವ ಕೆಲಸವಾಯಿತು. ಇದರಲ್ಲಿ ನಾಚಿಕೆಪಡುವುದೇನೂ ಇಲ್ಲ. ಆದರೆ ಅದೇ ಬೇಲಿಯೊಳಗೆ ಯಂತ್ರ ನೋಡಿಕೊಳ್ಳುವ ಕೆಲಸವೂ ಇದೆ, ಲೆಕ್ಕ ಬರೆಯುವ ಕೆಲಸವೂ ಇದೆ. ಯಾವುದು ಯಾರಿಗೆ ಸಿಗುತ್ತದೆ ಎಂಬುದನ್ನು ಓದೇ ತೀರ್ಮಾನಿಸುತ್ತದೆ.

ಇನ್ನು ಎರಡನೆಯ ತಪ್ಪು ಕಲ್ಪನೆ: ಕಾವಲಿಗೆ ಓದು ಏಕೆ? ಕೋಲು ಕುಟ್ಟುತ್ತ ಬೀದಿ ಸುತ್ತುವ ಗೂರ್ಖನ ಚಿತ್ರ ನಮ್ಮ ಮನಸ್ಸಿನಲ್ಲಿ ಕುಳಿತುಬಿಟ್ಟಿದೆ. ಆ ಕಾಲ ಹೋಯಿತು. ಖಾಸಗಿ ಭದ್ರತಾ ಸಂಸ್ಥೆಗಳ ನಿಯಂತ್ರಣಕ್ಕೆಂದು 2005ರಲ್ಲಿ ಸಂಸತ್ತು ಒಂದು ಕಾನೂನನ್ನೇ ಮಾಡಿದೆ. ಅದರ ಪ್ರಕಾರ ಪರವಾನಗಿ ಇಲ್ಲದ ಸಂಸ್ಥೆ ಈ ವ್ಯವಹಾರ ನಡೆಸುವಂತಿಲ್ಲ. ಕಾವಲುಗಾರನಿಗೆ 18 ವರ್ಷ ತುಂಬಿರಬೇಕು, 65 ಮೀರಿರಬಾರದು. ಕೇಂದ್ರದ ಮಾದರಿ ನಿಯಮಗಳಂತೆ ಗಂಡಸರ ಎತ್ತರ 160 ಸೆಂಟಿಮೀಟರ್, ಹೆಂಗಸರದು 150 ಸೆಂಟಿಮೀಟರ್ ಇರಬೇಕು. ಒಂದು ಕಿಲೋಮೀಟರನ್ನು ಆರು ನಿಮಿಷದಲ್ಲಿ ಓಡಬೇಕು. ನಮ್ಮ ಮೈದಾನದಲ್ಲಿ ಓಡುವ ಮಕ್ಕಳಿಗೆ ಇದೇನು ಮಹಾ! ಹೆಣ್ಣುಮಕ್ಕಳೂ ಗಮನಿಸಬೇಕು: ಆಸ್ಪತ್ರೆ, ಕಾರ್ಖಾನೆ, ದೊಡ್ಡ ಅಂಗಡಿಗಳಲ್ಲಿ ಮಹಿಳೆಯರ ತಪಾಸಣೆಗೆ ಮಹಿಳಾ ಕಾವಲುಗಾರರೇ ಬೇಕು.

ದೇಹದಾರ್ಢ್ಯ ಒಂದೇ ಸಾಲದು, ತರಬೇತಿಯೂ ಆಗಬೇಕು. ತರಗತಿಯಲ್ಲಿ 100 ಗಂಟೆ, ಹೊರಗೆ ಕ್ಷೇತ್ರದಲ್ಲಿ 60 ಗಂಟೆ. ಕನಿಷ್ಠ 20 ದಿನಗಳ ಪಾಠ. ಬೆಂಕಿ ಆರಿಸುವುದು, ಪ್ರಥಮ ಚಿಕಿತ್ಸೆ, ಜನಸಂದಣಿಯ ನಿಯಂತ್ರಣ, ಗುರುತಿನ ಚೀಟಿಯ ಪರಿಶೀಲನೆ, ಸ್ಫೋಟಕಗಳನ್ನು ಗುರುತಿಸುವುದು, ಪೊಲೀಸರಿಗೆ ದೂರು ಕೊಡುವ ಕ್ರಮ, ಆತ್ಮರಕ್ಷಣೆಯ ಹಕ್ಕು, ಇವೆಲ್ಲ ಆ ಪಾಠದಲ್ಲಿವೆ. ಇಂಗ್ಲಿಷಿನ ಅಕ್ಷರ ಮತ್ತು ಅಂಕಿಗಳನ್ನು ಓದಿ ತಿಳಿಯಬೇಕೆಂದೂ ನಿಯಮದಲ್ಲಿದೆ. ಕಾವಲುಗಾರ ಪೊಲೀಸನಲ್ಲ ಎಂಬುದನ್ನೂ ಅಲ್ಲಿಯೇ ಕಲಿಯಬೇಕು. ಕಣ್ಣೆದುರಿಗೆ ಗುರುತರ ಅಪರಾಧ ಮಾಡಿದವನನ್ನು ಯಾವ ಪ್ರಜೆಯಾದರೂ ಹಿಡಿಯಬಹುದು. ಆದರೆ ತಡಮಾಡದೆ, ಹೆಚ್ಚೆಂದರೆ ಆರು ಗಂಟೆಯೊಳಗೆ, ಪೊಲೀಸರಿಗೆ ಒಪ್ಪಿಸಬೇಕೆಂದು 2024ರ ಜುಲೈಯಿಂದ ಜಾರಿಯಲ್ಲಿರುವ ನಾಗರಿಕ ಸುರಕ್ಷಾ ಸಂಹಿತೆ ಹೇಳುತ್ತದೆ. ಇದನ್ನು ತಿಳಿಯದೆ ಯಾರನ್ನೋ ಕಟ್ಟಿಹಾಕಿ ಹೊಡೆದವನು ತಾನೇ ಜೈಲು ಸೇರುತ್ತಾನೆ.

"ಈಗ ಎಲ್ಲೆಲ್ಲೂ ಕ್ಯಾಮೆರಾ ಬಂದಿವೆ, ಮನುಷ್ಯನ ಕಾವಲು ಏಕೆ?" ಎಂದು ಕೇಳುವವರೂ ಇದ್ದಾರೆ. 2013ರ ನವೆಂಬರ್ 19ರ ಬೆಳಿಗ್ಗೆ ಬೆಂಗಳೂರಿನ ಕಾರ್ಪೊರೇಷನ್ ವೃತ್ತದ ಬಳಿಯ ಎ.ಟಿ.ಎಂ. ಕೋಣೆಯಲ್ಲಿ ಬ್ಯಾಂಕ್ ಉದ್ಯೋಗಿ ಮಹಿಳೆಯೊಬ್ಬರ ಮೇಲೆ ಮಚ್ಚಿನಿಂದ ಹಲ್ಲೆಯಾಯಿತು. ಕ್ಯಾಮೆರಾ ಎಲ್ಲವನ್ನೂ ನೋಡಿತು, ಏನನ್ನೂ ತಡೆಯಲಿಲ್ಲ. ಅಲ್ಲಿ ಕಾವಲುಗಾರನಿರಲಿಲ್ಲ. ಆರೋಪಿ ಸಿಕ್ಕಿದ್ದು 2017ರಲ್ಲಿ. ಮನುಷ್ಯನ ಕಾವಲಿಗೆ ಬೆಲೆ ಉಂಟೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಆದರೆ ಒಂದು ಮಾತು ನಿಜ. ಸುಮ್ಮನೆ ಕುರ್ಚಿಯಲ್ಲಿ ಕುಳಿತಿರುವವನ ಕೆಲಸವನ್ನು ಕ್ಯಾಮೆರಾ ಕಿತ್ತುಕೊಳ್ಳುತ್ತದೆ. ಆ ಕ್ಯಾಮೆರಾವನ್ನು ನೋಡಿ ಅರ್ಥ ಮಾಡಿಕೊಂಡು ವರದಿ ಬರೆಯಬಲ್ಲವನ ಕೆಲಸವನ್ನು ಕಿತ್ತುಕೊಳ್ಳಲಾರದು.

ಇಲ್ಲಿ ನಮ್ಮ ಗಡಿಯ ಮಕ್ಕಳಿಗೆ ಒಂದು ಅನುಕೂಲವಿದೆ. ನಾನು ಸ್ವತಃ ಕನ್ನಡ, ತೆಲುಗು ಎರಡರಲ್ಲೂ ಓದಿದವನು. ಚಿಕ್ಕಂದಿನಲ್ಲಿ ಎರಡು ದೋಣಿಯ ಪಯಣವೆಂದು ಅಂಜುತ್ತಿದ್ದೆ. ಈಗ ಅನ್ನಿಸುತ್ತದೆ, ಅದು ಎರಡು ಕೈ ಇದ್ದಂತೆ. ಬೆಂಗಳೂರಿನ ಗೇಟಿನ ಮುಂದೆ ಬರುವವರಲ್ಲಿ ಕನ್ನಡದವರೂ ಉಂಟು, ತೆಲುಗಿನವರೂ ಉಂಟು. ಇಬ್ಬರೊಡನೆಯೂ ಸೌಜನ್ಯದಿಂದ ಮಾತನಾಡಿ, ಸಂದರ್ಶಕರ ಪುಸ್ತಕವನ್ನು ತಪ್ಪಿಲ್ಲದೆ ಬರೆಯಬಲ್ಲವನು ಕಾವಲುಗಾರನಾಗಿಯೇ ಉಳಿಯುವುದಿಲ್ಲ, ಮೇಲ್ವಿಚಾರಕನಾಗುತ್ತಾನೆ. ಹತ್ತನೆಯ ತರಗತಿ ಪಾಸಾದವರಿಗೆ ಇನ್ನೂ ದೊಡ್ಡ ಬಾಗಿಲೊಂದು ತೆರೆದಿದೆ. 1969ರಲ್ಲಿ ಆರಂಭವಾದ ಕೇಂದ್ರ ಕೈಗಾರಿಕಾ ಭದ್ರತಾ ಪಡೆಯೂ ಸೇರಿದಂತೆ ಕೇಂದ್ರದ ಪೊಲೀಸ್ ಪಡೆಗಳ ಕಾನ್‌ಸ್ಟೇಬಲ್ ಪರೀಕ್ಷೆಯನ್ನು 2024ರಿಂದ ಕನ್ನಡದಲ್ಲಿಯೂ ತೆಲುಗಿನಲ್ಲಿಯೂ ಬರೆಯಬಹುದು. ಬೆಂಗಳೂರಿನ ವಿಮಾನ ನಿಲ್ದಾಣವನ್ನು ಕಾಯುವುದು ಇದೇ ಕೈಗಾರಿಕಾ ಭದ್ರತಾ ಪಡೆ. ಅದು ಸರ್ಕಾರಿ ನೌಕರಿ. ಅದರ ಮೊದಲ ಮೆಟ್ಟಿಲು ಹತ್ತನೆಯ ತರಗತಿಯ ಅಂಕಪಟ್ಟಿ. ಒಂಬತ್ತಕ್ಕೇ ಬಸ್ಸು ಹತ್ತಿದವನಿಗೆ ಆ ಬಾಗಿಲು ಇಲ್ಲ.

ಈ ವೃತ್ತಿ ಬರೀ ಹೂವಿನ ಹಾಸಿಗೆ ಎಂದು ನಾನು ಹೇಳುತ್ತಿಲ್ಲ. ಹನ್ನೆರಡು ಗಂಟೆ ನಿಲ್ಲಿಸುವವರಿದ್ದಾರೆ, ಹಬ್ಬಕ್ಕೆ ರಜೆ ಕೊಡದವರಿದ್ದಾರೆ, ಸಮವಸ್ತ್ರದ ಹೆಸರಿನಲ್ಲಿ ಸಂಬಳ ಮುರಿದುಕೊಳ್ಳುವವರಿದ್ದಾರೆ. ರಾತ್ರಿ ಪಾಳಿ ವರ್ಷಗಟ್ಟಲೆ ನಡೆದರೆ ಆರೋಗ್ಯ ಕೆಡುತ್ತದೆ. ಆದ್ದರಿಂದ ಪಾಲಕರೇ, ನೀವು ಹೋಗುವಾಗಲಾಗಲಿ ಮಕ್ಕಳು ದೊಡ್ಡವರಾಗಿ ಹೋಗುವಾಗಲಾಗಲಿ ಕೆಲವು ಪ್ರಶ್ನೆಗಳನ್ನು ಬಾಯಿಬಿಟ್ಟು ಕೇಳಿ. ಸಂಸ್ಥೆಗೆ ಪರವಾನಗಿ ಇದೆಯೇ? ನೇಮಕದ ಪತ್ರ, ಭಾವಚಿತ್ರವಿರುವ ಗುರುತಿನ ಚೀಟಿ ಕೊಡುತ್ತಾರೆಯೇ? ಸಂಬಳದಲ್ಲಿ ನೂರಕ್ಕೆ 12ರಂತೆ ಭವಿಷ್ಯನಿಧಿಗೆ ಹಿಡಿದರೆ, ಮಾಲೀಕರ ಪಾಲೂ ಅಷ್ಟೇ ಸೇರುತ್ತಿದೆಯೇ? ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳವಿರುವವರಿಗೆ ಇ.ಎಸ್.ಐ. ಆಸ್ಪತ್ರೆಯ ಸೌಲಭ್ಯವುಂಟು, ಆ ಚೀಟಿ ಎಲ್ಲಿ? ಹೆಚ್ಚುವರಿ ಗಂಟೆಗಳಿಗೆ ಇಮ್ಮಡಿ ಕೂಲಿ ಎಲ್ಲಿ? ಕೇಳುವುದಕ್ಕೆ ಧೈರ್ಯ ಬೇಕು. ಆ ಧೈರ್ಯ ಬರುವುದು ಕಾಗದವನ್ನು ಓದಬಲ್ಲವನಿಗೆ. ಓದಲಾರದವನು ಹೆಬ್ಬೆಟ್ಟು ಒತ್ತುತ್ತಾನೆ. ಆಗ ಬೇಲಿಯೇ ಎದ್ದು ಹೊಲ ಮೇಯ್ದಂತಾಗುತ್ತದೆ.

"ಬರಗಾಲ ಅಂಕಪಟ್ಟಿಗೆ ಕಾಯುತ್ತದೆಯೇ ಸಾರ್?" ಎಂದು ಒಬ್ಬ ತಂದೆ ನನ್ನನ್ನು ಕೇಳಿದರು. ನ್ಯಾಯವಾದ ಪ್ರಶ್ನೆ. ಹಸಿದ ಹೊಟ್ಟೆಗೆ ಉಪದೇಶ ಮಾಡುವ ಯೋಗ್ಯತೆ ನನಗಿಲ್ಲ. ಆದರೆ ಹದಿನೈದು ವರ್ಷದ ಹುಡುಗನನ್ನು ಹದಿನೆಂಟೆಂದು ಸುಳ್ಳು ಬರೆಸಿ ಸೇರಿಸಿದರೆ, ಅವನು ಯಾವ ಹಕ್ಕನ್ನೂ ಕೇಳಲಾಗದ ಕೆಲಸಗಾರನಾಗುತ್ತಾನೆ. ಕೇಳಿದ ದಿನವೇ ಆ ಸುಳ್ಳು ಅವನ ಕೊರಳಿಗೆ ಬರುತ್ತದೆ. ಇನ್ನೊಂದು ವರ್ಷ, ಎರಡು ವರ್ಷ ಹೇಗಾದರೂ ತಾಳಿಕೊಳ್ಳಿ. ಆ ಎರಡು ವರ್ಷ ಅವನ ಮುಂದಿನ ನಲವತ್ತು ವರ್ಷವನ್ನು ಕಾಯುತ್ತದೆ. ನೀವು ಗುಳೆ ಹೋಗಲೇಬೇಕಾದರೆ ಮಗುವನ್ನು ಅಜ್ಜಿಯ ಬಳಿಯೋ ವಿದ್ಯಾರ್ಥಿನಿಲಯದಲ್ಲೋ ಬಿಡಿ. ನಮಗೆ ತಿಳಿಸಿ, ನಾವೂ ಒಂದು ಕಣ್ಣಿಡುತ್ತೇವೆ. ಅದು ನಮ್ಮ ಕಾವಲು.

ಆ ಹುಡುಗನ ಕಥೆ ಮುಗಿಸುತ್ತೇನೆ. ಹೋದ ವರ್ಷ ಅವನು ಶಾಲೆಯ ಬಾಗಿಲಿಗೆ ಬಂದು ನಿಂತಿದ್ದ. ತಂದೆಯಂತೆಯೇ ಕಾವಲಿನ ಕೆಲಸ. ಇಪ್ಪತ್ತಮೂರು ವರ್ಷದ ಗಟ್ಟಿಮುಟ್ಟಾದ ಯುವಕ. ಕೆಲಸದಲ್ಲಿ ಒಳ್ಳೆಯ ಹೆಸರು ತೆಗೆದುಕೊಂಡಿದ್ದಾನೆ. ಮೇಲ್ವಿಚಾರಕನ ಹುದ್ದೆ ಕೊಡುತ್ತೇವೆ, ಹತ್ತನೆಯ ತರಗತಿಯ ಅಂಕಪಟ್ಟಿ ತಾ ಎಂದಿದ್ದಾರಂತೆ. "ನನ್ನ ಹತ್ತಿರ ಇಲ್ಲವಲ್ಲ ಸಾರ್" ಎಂದ. ಎಂಟು ವರ್ಷದ ಹಿಂದಿನ ಮಾತಿಗಾಗಿ ನಾನು ಅವನ ಕ್ಷಮೆ ಕೇಳಿದೆ. ಅವನಿಗೆ ಅದು ನೆನಪಿತ್ತು, ಇಲ್ಲವೆಂದು ಹೇಳಲಿಲ್ಲ. ಇಬ್ಬರೂ ಕುಳಿತು ಆಂಧ್ರಪ್ರದೇಶ ಮುಕ್ತ ಶಾಲೆಯ ಅರ್ಜಿ ತುಂಬಿದೆವು. ರಾತ್ರಿ ಪಾಳಿಯ ನಡುವೆ ಅವನೀಗ ಓದುತ್ತಿದ್ದಾನೆ.

ಮಕ್ಕಳೇ, ಕಾವಲುಗಾರರಾಗಬೇಡಿ ಎಂದು ನಾನು ಹೇಳುವುದಿಲ್ಲ. ಆಗುವುದಾದರೆ ಓದಿ ಆಗಿರಿ, ಹದಿನೆಂಟು ತುಂಬಿಸಿ ಆಗಿರಿ, ತರಬೇತಿ ಪಡೆದು ಆಗಿರಿ. ಊರಿಗೆ ಬಂದ ನಿಮ್ಮ ತಂದೆ ಹಗಲಲ್ಲಿ ಮಲಗಿದ್ದರೆ ಗದ್ದಲ ಮಾಡಬೇಡಿ. ಯಾರದೋ ಮನೆಯವರು ನಿಶ್ಚಿಂತೆಯಿಂದ ಮಲಗಲೆಂದು ಅವರು ರಾತ್ರಿಗಳನ್ನು ಎಚ್ಚರದಿಂದ ಕಳೆದಿದ್ದಾರೆ. ಮತ್ತು ಈ ಸಲ ಸಂಕ್ರಾಂತಿ ಮುಗಿದ ಮೇಲೆ ನಾನು ಹಾಜರಿ ಕೂಗುವಾಗ, ಹಿಂದಿನ ಬೆಂಚಿನಿಂದ "ಇದ್ದೇನೆ ಸಾರ್" ಎಂಬ ಉತ್ತರ ಬರಲಿ.

— ಕನ್ನಡ ಅಧ್ಯಾಪಕ