ಪಕ್ಕದ ಆಸನದ ಜವಾಬ್ದಾರಿ

ಹನ್ನೆರಡನೆಯ ತರಗತಿಯ ಪರೀಕ್ಷೆ ಮುಗಿಯಿತೆಂದರೆ ಮುಂಬಯಿಯ ನಮ್ಮವರ ಮನೆಗಳಲ್ಲಿ ಹುಡುಗರದೊಂದು ಬೇಡಿಕೆ ತಲೆಯೆತ್ತುವುದು ವಾಡಿಕೆ: ಮೋಟಾರು ನಡೆಸಲು ಕಲಿಸಬೇಕು. ಗುಮಾಸ್ತರ ಮಗನಿಗೆ ಇದು ಹಂಬಲವಾದರೆ ಹೋಟೆಲಿನಲ್ಲಿ ದುಡಿಯುವ ತರುಣನಿಗೆ ನಾಳಿನ ಅನ್ನದ ದಾರಿ. ಈ ಆಸೆಯನ್ನು ಹಗುರವಾಗಿ ಕಾಣುವವರು ನಾವಲ್ಲ. ಆದರೆ ಪಕ್ಕದಲ್ಲಿ ಕುಳಿತು ಕಲಿಸುವ ಹಿರಿಯರ ರೀತಿಯ ಕುರಿತು ನಮಗೆ ಆಕ್ಷೇಪವುಂಟು. ಆ ಹಿರಿಯರಲ್ಲಿ ನಾವೂ ಒಬ್ಬರು.

ಕಳೆದ ವರ್ಷ ನಮ್ಮ ಮಗನಿಗೆ ಕಲಿಕೆಯ ಲೈಸೆನ್ಸು ದೊರೆತಾಗ ನಾವೇ ಗುರುವಾದೆವು. ಒಂದು ರವಿವಾರ ಮುಂಜಾನೆ ಬೀದಿಯ ತಿರುವಿನಲ್ಲಿ ಎಳನೀರಿನ ಕೈಗಾಡಿ ಕಂಡೊಡನೆ, ಇಪ್ಪತ್ತು ವರ್ಷ ಮಾಣಿಗಳ ಮೇಲೆ ಪಳಗಿದ್ದ ಕಂಠದಿಂದ "ಬ್ರೇಕ್!" ಎಂದು ಅಬ್ಬರಿಸಿದೆವು. ಹುಡುಗ ಬೆದರಿ ಆಕ್ಸಲರೇಟರನ್ನು ಒತ್ತಿದ. ವ್ಯಾಪಾರಿ ಹಾರಿ ಪಾರಾದ; ಕೈಗಾಡಿ ಮಗುಚಿತು. ಎಳನೀರಿನ ಬೆಲೆಯನ್ನೂ ಚಕ್ರದ ರಿಪೇರಿಯನ್ನೂ ತೆತ್ತು ಮನೆಗೆ ಬಂದ ಮೇಲೆ ಮಗ ಹೇಳಿದ್ದಿಷ್ಟೇ: "ಅಪ್ಪಯ್ಯ, ನಾನು ಆಗಲೇ ಗಾಡಿ ನೋಡಿದ್ದೆ." ಅದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ.

ಹೋಟೆಲಿನಲ್ಲಿ ಬೈದು ಕಲಿಸಿದರೆ ಒಡೆಯುವುದು ಒಂದು ಗ್ಲಾಸು. ರಸ್ತೆಯ ಲೆಕ್ಕವೇ ಬೇರೆ. ಗಂಟೆಗೆ 40 ಕಿಲೋಮೀಟರು ವೇಗದ ಗಾಡಿ ಒಂದು ಸೆಕೆಂಡಿನಲ್ಲಿ 11 ಮೀಟರು ಓಡುತ್ತದೆ. ನಮ್ಮ ಕೂಗು ಹುಡುಗನ ಕಿವಿಗೆ ಬಿದ್ದು, ಅರ್ಥವಾಗಿ, ಕಾಲಿಗೆ ಇಳಿಯುವಷ್ಟರಲ್ಲಿ ಆ 11 ಮೀಟರು ಕಳೆದುಹೋಗಿರುತ್ತದೆ. ಹೇಳಬೇಕಾದುದನ್ನು ಬಹಳ ಮುಂಚಿತವಾಗಿ, ಮೆಲ್ಲಗೆ ಹೇಳಬೇಕು. ತಪ್ಪಾದರೆ ಗಾಡಿಯನ್ನು ಬದಿಗೆ ನಿಲ್ಲಿಸಿದ ಮೇಲೆಯೇ ತಿದ್ದಬೇಕು. ಮೊದಲ ವಾರ ಕ್ಲಚ್ಚು ಬಿಡುವುದೂ ಸರಿಯಾಗಿ ನಿಲ್ಲಿಸುವುದೂ ಸಾಕು. ದಾದರಿನ ಸಂಜೆಯ ಜನಸಂದಣಿ ಆಮೇಲೆ. ಊರಿಗೆ ಹೋದಾಗ ಶೃಂಗೇರಿಯ ದರ್ಶನ ಮುಗಿಸಿ, "ಆಗುಂಬೆ ಘಾಟಿಯನ್ನು ಇವನೇ ಇಳಿಸಲಿ" ಎಂದು ಉಬ್ಬಿಸುವ ಮಾವಂದಿರೂ ಇದ್ದಾರೆ. ಅಲ್ಲಿರುವುದು 14 ಕಡಿದಾದ ತಿರುವು. ಏರಿ ಬರುವ ಗಾಡಿಗೆ ದಾರಿ ಬಿಡಬೇಕು; ಬ್ರೇಕನ್ನೇ ನಂಬದೆ ಕೆಳಗಿನ ಗೇರಿನಲ್ಲಿ ಇಳಿಯಬೇಕು. ಇದನ್ನರಿಯದ ಹುಡುಗನ ಕೈಗೆ ಇಡೀ ಸಂಸಾರವನ್ನು ಒಪ್ಪಿಸುವುದು ಧೈರ್ಯವೆನಿಸದು.

ಕಾಯಿದೆಯ ಮಾತನ್ನೂ ಹೇಳಬೇಕು. ಕಲಿಕೆಯ ಲೈಸೆನ್ಸಿನ ಅವಧಿ 6 ತಿಂಗಳು. 30 ದಿನ ಕಳೆದ ಮೇಲೆ ಪರೀಕ್ಷೆ. ಅಲ್ಲಿಯ ತನಕ ಗಾಡಿಯ ಹಿಂದೆ ಮುಂದೆ ಬಿಳಿಯ ಮೇಲೆ ಕೆಂಪು 'ಎಲ್' ಅಕ್ಷರವೂ ಪಕ್ಕದಲ್ಲಿ ಲೈಸೆನ್ಸುಳ್ಳವನೂ ಇರಲೇಬೇಕು. ಕಾರಿಗೂ, ಇಂದು ಬಳಕೆಯಲ್ಲಿರುವ 110 ಸಿಸಿಯಂಥ ಸ್ಕೂಟರಿಗೂ 18 ವರ್ಷ ತುಂಬಿರಬೇಕು. ಬಾಡಿಗೆಯ ವಾಹನಕ್ಕೆ 20.

ಇಷ್ಟನ್ನು ಬಲ್ಲ ನಮ್ಮ ವೃತ್ತಿಬಾಂಧವರೇ ಹದಿನಾರರ ಮಾಣಿಗೆ, "ಈ ಪಾರ್ಸೆಲ್ ಕೊಟ್ಟು ಬಾರೋ" ಎಂದು ಸ್ಕೂಟರಿನ ಚಾವಿ ಎಸೆಯುವುದನ್ನು ದಿನವೂ ಕಾಣುತ್ತೇವೆ. ಗಲ್ಲಾದಲ್ಲಿ ಕುಳಿತಿದ್ದ ಕಾಲದಲ್ಲಿ ನಾವೂ ಎಸೆದವರೇ. 2019ರ ತಿದ್ದುಪಡಿಯ ಮೇರೆಗೆ ಇಂಥಲ್ಲಿ ಪೋಷಕನಿಗೆ ಅಥವಾ ಗಾಡಿಯ ಮಾಲಿಕನಿಗೆ 3 ವರ್ಷದ ತನಕ ಸೆರೆವಾಸ, 25,000 ರೂಪಾಯಿ ದಂಡ. ಗಾಡಿಯ ನೋಂದಣಿ 12 ತಿಂಗಳು ರದ್ದು. ದಂಡವನ್ನು ಮಾಲಿಕ ಹೇಗಾದರೂ ತೆತ್ತಾನು. ಸಿಕ್ಕಿಬಿದ್ದ ಹುಡುಗನಿಗಾದರೋ 25 ತುಂಬುವವರೆಗೆ ಲೈಸೆನ್ಸೇ ದೊರೆಯದು. ಒಂದು ಪ್ಲೇಟು ಇಡ್ಲಿ ಬಿಸಿಯಾಗಿ ತಲುಪಲೆಂದು ಅವನ ಒಂಬತ್ತು ವರ್ಷಗಳನ್ನು ಕಸಿದುಕೊಳ್ಳುವ ಹಕ್ಕು ಯಾರಿಗುಂಟು? ಅಂಥ ಚಾವಿಯನ್ನು ಹಿಂದಿರುಗಿಸುವ ಹುಡುಗನನ್ನು ಯಾವ ಮಾಲಿಕನೂ ಕೆಲಸದಿಂದ ತೆಗೆಯಬಾರದು. ತೆಗೆದರೆ ಆ ಸುದ್ದಿಯನ್ನು ನಮಗೆ ತಿಳಿಸಲು ಕಾರ್ಮಿಕ ಬಂಧುಗಳು ಸಂಕೋಚಪಡಬೇಕಾಗಿಲ್ಲ.