ಬಡತನಕ್ಕೆ ಅನಾಥಾಲಯವೇ ಮದ್ದೆ?

ನಮ್ಮ ಧರ್ಮಭಗಿನಿಯರು ನಡೆಸುವ ಮಕ್ಕಳ ಆಶ್ರಮಗಳಿಗೆ ಸರಕಾರಿ ಅಧಿಕಾರಿಗಳು ತಪಾಸಣೆಗೆ ಬರುವುದನ್ನು ಕಿರುಕುಳವೆಂದು ಭಾವಿಸುವವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ‘ಸರಕಾರ ಕಣ್ತೆರೆಯುವ ಮೊದಲೇ ಅನಾಥರನ್ನು ಎತ್ತಿ ಸಾಕಿದವರು ನಾವು, ಈಗ ನಮ್ಮಿಂದಲೇ ಲೆಕ್ಕ ಕೇಳುವುದೇ?’ ಎಂಬುದು ಅವರ ಪ್ರಶ್ನೆ. ಬಸ್ ನಿಲ್ದಾಣದಲ್ಲಿ ಭಿಕ್ಷೆ ಬೇಡುವ ಮಗುವನ್ನು ಕಂಡಾಗ ‘ಸರಕಾರ ಏನು ಮಾಡುತ್ತಿದೆ?’ ಎಂದು ಗದರುವವರೂ ಇವರೇ. ಎರಡು ಪ್ರಶ್ನೆಗಳೂ ಒಂದೇ ಬಾಯಿಂದ ಹೊರಡುತ್ತವೆಯಾದರೆ, ಸರಕಾರದ ಪಾತ್ರವೇನೆಂಬುದನ್ನು ನಾವು ಇನ್ನೂ ಸರಿಯಾಗಿ ವಿಚಾರ ಮಾಡಿಲ್ಲವೆಂದೇ ಹೇಳಬೇಕು.

ದಾನಕ್ಕೂ ನ್ಯಾಯಕ್ಕೂ ವ್ಯತ್ಯಾಸವುಂಟು. ದಾನಿಯು ಇಂದು ಕೊಟ್ಟು ನಾಳೆ ನಿಲ್ಲಿಸಬಹುದು. ಪಡೆದವನಿಗೆ ಕೇಳುವ ಅಧಿಕಾರವಿಲ್ಲ. ಮಗುವಿನ ಪಾಲನೆ ಅಂಥ ದಾನವಲ್ಲ, ಅದು ಮಗುವಿನ ಹಕ್ಕು. ವಿಶ್ವಸಂಸ್ಥೆಯು 1989ರಲ್ಲಿ ಅಂಗೀಕರಿಸಿದ ಮಕ್ಕಳ ಹಕ್ಕುಗಳ ಒಡಂಬಡಿಕೆಗೆ ಭಾರತವು 1992ರಲ್ಲಿ ಸಮ್ಮತಿಯಿತ್ತಿದೆ. ಹಕ್ಕು ಎಂದ ಮೇಲೆ ಅದನ್ನು ಕಾಯುವ ಅಂತಿಮ ಹೊಣೆ ರಾಜ್ಯಶಕ್ತಿಯ ಮೇಲೆ ಬೀಳುವುದು ಸಹಜವೇ. ಆದುದರಿಂದಲೇ 2015ರ ಬಾಲನ್ಯಾಯ ಕಾಯ್ದೆಯು ಪ್ರತಿಯೊಂದು ಮಕ್ಕಳ ಆಶ್ರಮದ ನೋಂದಣಿಯನ್ನು ಕಡ್ಡಾಯಗೊಳಿಸಿತು. ರಕ್ಷಣೆ ಬೇಕಾದ ಮಗುವನ್ನು, ಪ್ರಯಾಣದ ಅವಧಿಯನ್ನು ಬಿಟ್ಟು, 24 ಗಂಟೆಗಳೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕೆಂದು ವಿಧಿಸಿತು.

ಇದು ನಮ್ಮ ಮೇಲಿನ ಸಂಶಯವಲ್ಲ. ಬಿಹಾರದ ಮುಜಫ್ಫರ್‌ಪುರದಲ್ಲಿ ಸರಕಾರದ ಹಣದಿಂದಲೇ ನಡೆಯುತ್ತಿದ್ದ ಬಾಲಿಕಾಶ್ರಮವೊಂದರ ಘೋರ ಕೃತ್ಯಗಳು 2018ರಲ್ಲಿ ಬೆಳಕಿಗೆ ಬಂದುದು ಹೊರಗಿನವರು, ಅಂದರೆ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯವರು, ಒಳಹೊಕ್ಕು ಮಕ್ಕಳನ್ನು ಮಾತನಾಡಿಸಿದುದರಿಂದ. 2020ರಲ್ಲಿ ದೆಹಲಿಯ ನ್ಯಾಯಾಲಯವು ಅಪರಾಧಿಗಳಲ್ಲಿ ಹಲವರಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಬಾಗಿಲು ತೆರೆದಿಡುವುದಕ್ಕೆ ಪ್ರಾಮಾಣಿಕರು ಅಂಜಬೇಕಾಗಿಲ್ಲ.

ಹಾಗೆಂದು ಎಲ್ಲವನ್ನೂ ಸರಕಾರಕ್ಕೆ ಒಪ್ಪಿಸಿ ಕೈತೊಳೆದುಕೊಳ್ಳೋಣವೆಂದು ನಾನು ಹೇಳುತ್ತಿಲ್ಲ. ಕಿರಿಯ ಘಟಕವು ತಾನೇ ಮಾಡಬಲ್ಲ ಕೆಲಸವನ್ನು ಹಿರಿಯ ಘಟಕವು ಕಸಿದುಕೊಳ್ಳುವುದು ಅನ್ಯಾಯವೆಂಬ ಪೂರಕತ್ವದ ತತ್ತ್ವವನ್ನು ಪೋಪ್ 11ನೆಯ ಪಿಯುಸ್‌ರು 1931ರ ತಮ್ಮ ವಿಶ್ವಪರಿಪತ್ರದಲ್ಲಿ ವಿವರಿಸಿದ್ದಾರೆ. ಮಕ್ಕಳ ಸಹಾಯವಾಣಿ 1098ರ ಕಥೆಯನ್ನೇ ನೋಡಿ. 1996ರಲ್ಲಿ ಮುಂಬಯಿಯಲ್ಲಿ ಅದೇ ಟಾಟಾ ಸಂಸ್ಥೆಯ ಕ್ಷೇತ್ರಕಾರ್ಯವಾಗಿ ಹುಟ್ಟಿದ ಅದು ಸರಕಾರದ ನೆರವಿನಿಂದ, ಊರೂರಿನ ಸ್ವಯಂಸೇವಾ ಸಂಸ್ಥೆಗಳ ಕೈಯಲ್ಲಿ ಬೆಳೆಯಿತು. 2023ರಲ್ಲಿ ಸರಕಾರವು ಅದನ್ನು ತನ್ನ ಅಧೀನಕ್ಕೆ ತೆಗೆದುಕೊಂಡು 112ರ ತುರ್ತು ವ್ಯವಸ್ಥೆಯೊಂದಿಗೆ ಜೋಡಿಸಿತು. ವೆಚ್ಚವನ್ನು ಸರಕಾರ ಹೊರುವುದು ಯೋಗ್ಯವೇ. ಆದರೆ ಹೆದರಿದ ಮಗುವಿನೊಡನೆ ಮಾತನಾಡಲು ಬಲ್ಲವರನ್ನು ಬದಿಗೆ ಸರಿಸುವುದು ಹಿರಿಯ ಘಟಕದ ಆತುರವೆಂದು ನನ್ನ ಅಭಿಮತ.

ಪೂರಕತ್ವದ ಈ ತತ್ತ್ವವನ್ನು ಸೆಮಿನರಿಯಲ್ಲಿ ಓದುವಾಗ ನಾವೆಲ್ಲ ಅದನ್ನು ಸರಕಾರದ ವಿರುದ್ಧದ ವಾದವೆಂದೇ ಗ್ರಹಿಸುತ್ತೇವೆ. ಆದರೆ ಸಮಾಜದ ಅತ್ಯಂತ ಕಿರಿಯ ಘಟಕ ಕುಟುಂಬವಲ್ಲವೇ? ಅದರ ಎದುರು ನಮ್ಮ ಆಶ್ರಮವೂ ಒಂದು ಹಿರಿಯ ಘಟಕವೇ! ಗಂಡನನ್ನು ಕಳೆದುಕೊಂಡ ತಾಯಿಯೊಬ್ಬಳು ಮೇ ತಿಂಗಳಲ್ಲಿ ಚರ್ಚ್ ಕಚೇರಿಗೆ ಬಂದು, ‘ಫಾದರ್, ಇಬ್ಬರನ್ನೂ ಎಲ್ಲಿಗಾದರೂ ಸೇರಿಸಿಕೊಡಿ’ ಎಂದು ಕಣ್ಣೀರಿಡುವುದು ಯಾವ ಧರ್ಮಗುರುವಿಗೂ ಹೊಸತಲ್ಲ. ನಾವು ಕೂಡಲೇ ಆಶ್ರಮಕ್ಕೊಂದು ಶಿಫಾರಸು ಪತ್ರ ಬರೆದುಕೊಡುತ್ತೇವೆ. ಆ ಮಕ್ಕಳು ಅನಾಥರಲ್ಲ. ಅವರಿಗೆ ತಾಯಿ ಇದ್ದಾಳೆ, ಇಲ್ಲದಿರುವುದು ಹಣ. ಹಣವಿಲ್ಲವೆಂಬ ಒಂದೇ ಕಾರಣಕ್ಕೆ ತಾಯಿಯಿಂದ ಮಗುವನ್ನು ಅಗಲಿಸುವುದು ಯಾವ ಸೇವೆ? ಆಶ್ರಮವಾಸ ಕೊನೆಯ ಉಪಾಯವಾಗಿರಬೇಕೆಂದು ಕಾಯ್ದೆಯೇ ಹೇಳುತ್ತದೆ. ಮನೆಯೇ ಇಲ್ಲದ, ಮನೆಯಲ್ಲೇ ಹಿಂಸೆಗೊಳಗಾದ ಮಕ್ಕಳಿಗೆ ನಮ್ಮ ಭಗಿನಿಯರ ಆರೈಕೆ ಖಂಡಿತ ಬೇಕು.

ಮಿಷನ್ ವಾತ್ಸಲ್ಯ ಯೋಜನೆಯ 2022ರ ಮಾರ್ಗಸೂಚಿಯಂತೆ, ವಿಧವೆಯರ ಮತ್ತು ಪರಿತ್ಯಕ್ತೆಯರ ಮಕ್ಕಳಿಗೆ, ಬಂಧುಗಳ ಮನೆಯಲ್ಲಿರುವ ಅನಾಥರಿಗೆ, ಪ್ರಾಣಾಂತಿಕ ಕಾಯಿಲೆಗೀಡಾದವರ ಮಕ್ಕಳಿಗೆ ತಿಂಗಳಿಗೆ ತಲಾ 4,000 ರೂಪಾಯಿಯ ಪ್ರಾಯೋಜಕತ್ವ ನೆರವಿಗೆ ಅವಕಾಶವಿದೆ. ಕುಟುಂಬದ ವಾರ್ಷಿಕ ಆದಾಯ ಹಳ್ಳಿಗಳಲ್ಲಿ 72,000, ಇತರೆಡೆ 96,000 ರೂಪಾಯಿ ಮೀರಬಾರದು. ಮೊತ್ತ ದೊಡ್ಡದಲ್ಲ, ನಿಜ. ಕಾಗದಪತ್ರಗಳ ಅಲೆದಾಟವೂ ಕಡಿಮೆಯಿಲ್ಲ. ಕೂಲಿ ಬಿಟ್ಟು ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ನಾಲ್ಕು ಬಾರಿ ಹೋಗಿಬರುವ ಶಕ್ತಿ ಆ ತಾಯಿಗೆಲ್ಲಿದೆ? ಮರಣ ಪ್ರಮಾಣಪತ್ರ, ಆದಾಯ ಪ್ರಮಾಣಪತ್ರ, ಬ್ಯಾಂಕ್ ಪಾಸ್‌ಬುಕ್ ಇವನ್ನೆಲ್ಲ ಹೊಂದಿಸಿಕೊಡಲು ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆಯ ಇಬ್ಬರು ಸದಸ್ಯರು ಸಾಕು. ಶಾಲೆ ಆರಂಭವಾಗುವ ಮೊದಲು ಪ್ರತಿ ವಾಳೆಯ ಗುರಿಕಾರರು ಇಂಥ ಮನೆಗಳ ಹೆಸರುಗಳನ್ನು ತಂದುಕೊಟ್ಟರೆ, ಅರ್ಜಿ ಬರೆಯುವ ಕೆಲಸವನ್ನು ಭಾನುವಾರದ ಪೂಜೆಯ ಬಳಿಕ ಚರ್ಚ್ ಕಚೇರಿಯಲ್ಲೇ ಮಾಡಿ ಮುಗಿಸಬಹುದು.