ಮಹಡಿಯ ಮೇಲಿನ ಅಣ್ಣ

ನಮ್ಮ ಪರಿಚಯದ ಶರಣ ಮನೆತನವೊಂದರ ತರುಣನು ಚಿತ್ರಕಲೆಯನ್ನು ಅಭ್ಯಾಸ ಮಾಡುತ್ತಿರುವನು. ಶಿವಾನುಭವ ಗೋಷ್ಠಿ ಮುಗಿದ ಒಂದು ಸಂಜೆ ಆತ ನಮ್ಮ ಬಳಿ ಬಂದು, "ಅಜ್ಜಾರ, ಒಂದು ಇಂಗ್ಲಿಷ್ ಸಿನೆಮಾ ಐತ್ರಿ. ನಿಮಗ ಸೇರಾಂಗಿಲ್ಲ, ಆದ್ರೂ ನೋಡ್ರಿ" ಎಂದನು. ಸೇರುವುದಿಲ್ಲವೆಂದು ಬಲ್ಲೆಯಾದರೆ ತೋರಿಸುವುದೇಕೆ ಎಂದು ಕೇಳಿದೆವು. "ಅದರಾಗ ನಮ್ಮ ದೊಡ್ಡಪ್ಪನಂಥವ್ರು ಒಬ್ರು ಅದಾರ್ರಿ" ಎಂದನು. ಆ ದೊಡ್ಡಪ್ಪನನ್ನು ನಾವು ಬಲ್ಲೆವು. ಆದುದರಿಂದ ಆತನ ಕಂಪ್ಯೂಟರಿನ ಮುಂದೆ ಎರಡು ಸಂಜೆ ಕುಳಿತು ಪೂರ್ಣವಾಗಿ ನೋಡಿದೆವು.

ಚಿತ್ರದ ಹೆಸರು 'ಕ್ರಂಬ್'. ಟೆರಿ ಜ್ವಿಗಾಫ್ ಎಂಬ ನಿರ್ದೇಶಕನು ತನ್ನ ಗೆಳೆಯನಾದ ರಾಬರ್ಟ್ ಕ್ರಂಬ್ ಎಂಬ ಅಮೆರಿಕದ ವ್ಯಂಗ್ಯಚಿತ್ರಕಾರನನ್ನೂ ಅವನ ಮನೆಯವರನ್ನೂ ಹಲವು ವರ್ಷಗಳ ಕಾಲ ಚಿತ್ರೀಕರಿಸಿ 1994ರಲ್ಲಿ ಹೊರತಂದ ಸಾಕ್ಷ್ಯಚಿತ್ರವಿದು. ಮರುವರ್ಷ ಸನ್‌ಡ್ಯಾನ್ಸ್ ಉತ್ಸವದಲ್ಲಿ ಸಾಕ್ಷ್ಯಚಿತ್ರಗಳ ದೊಡ್ಡ ಬಹುಮಾನ ಇದಕ್ಕೇ ಬಂದಿತು.

ಕ್ರಂಬ್ ಹುಟ್ಟಿದ್ದು 1943ರಲ್ಲಿ, ಫಿಲಡೆಲ್ಫಿಯಾದಲ್ಲಿ. ಅಮೆರಿಕದ ಕಾಮಿಕ್ಸ್ ಪ್ರಕಾಶಕರು 1954ರಲ್ಲಿ ತಮಗೆ ತಾವೇ ಒಂದು ನಿಯಮಾವಳಿಯನ್ನು ವಿಧಿಸಿಕೊಂಡು ಚಿತ್ರಕಥೆಗಳನ್ನು ಮಕ್ಕಳಿಗೆ ತಕ್ಕಂತೆ ಕಟ್ಟುನಿಟ್ಟು ಮಾಡಿದ್ದರು. ಆ ಕಟ್ಟನ್ನು ಲೆಕ್ಕಿಸದೆ, ದೊಡ್ಡ ಪ್ರಕಾಶಕರ ಹಂಗಿಲ್ಲದೆ ಅಚ್ಚಾಗಿ ಮಾರಾಟವಾದವುಗಳಿಗೆ 'ಭೂಗತ ಕಾಮಿಕ್ಸ್' ಎಂಬ ಹೆಸರಾಯಿತು. 1968ರಲ್ಲಿ ಕ್ರಂಬ್ ಸ್ಯಾನ್ ಫ್ರಾನ್ಸಿಸ್ಕೊ ನಗರದಲ್ಲಿ 'ಜ್ಯಾಪ್' ಎಂಬ ತನ್ನ ಪುಸ್ತಿಕೆಯನ್ನು ಮಗುವಿನ ತಳ್ಳುಗಾಡಿಯಲ್ಲಿಟ್ಟುಕೊಂಡು ಬೀದಿಯಲ್ಲಿ ಮಾರಿದನೆಂದು ಹೇಳುತ್ತಾರೆ. ಅವನ ಪಾತ್ರಗಳಲ್ಲಿ ಮಿಸ್ಟರ್ ನ್ಯಾಚುರಲ್ ಎಂಬ ಉದ್ದ ಗಡ್ಡದ, ನಿಲುವಂಗಿಯ ಗುರುವೊಬ್ಬನಿರುವನು. ಉಪದೇಶವೂ ಅವನದೇ, ಟೊಪ್ಪಿಗೆ ಹಾಕುವುದೂ ಅವನೇ. ಮಠದ ನೆರಳಿನಲ್ಲಿಯೇ ಬೆಳೆದ ನಮಗೆ ಅವನನ್ನು ಕಂಡು ನಗು ತಡೆಯಲಾಗಲಿಲ್ಲ.

ನಗು ಅಲ್ಲಿಗೇ ನಿಂತಿತು. ಹೆಣ್ಣುಮಕ್ಕಳನ್ನೂ ಕಪ್ಪು ಜನರನ್ನೂ ಈತ ಬಿಡಿಸಿರುವ ರೀತಿ ನೋಡಲು ಹೇಸಿಗೆಯಾಗುವಂಥದು. ವಿಮರ್ಶಕ ರಾಬರ್ಟ್ ಹ್ಯೂಸ್ ಈತನನ್ನು ಹಿಂದಿನ ಶತಮಾನಗಳ ಮಹಾ ಚಿತ್ರಕಾರ ಬ್ರೂಗೆಲ್‌ಗೆ ಹೋಲಿಸುತ್ತಾರೆ. ಅದೇ ಚಿತ್ರದಲ್ಲಿ ಡೀಡ್ರಾ ಇಂಗ್ಲಿಷ್ ಎಂಬ ಪತ್ರಕರ್ತೆ ಅದನ್ನು ಒಪ್ಪದೆ ನೇರವಾಗಿ ಖಂಡಿಸುತ್ತಾರೆ. ನಾವು ಆ ತಾಯಿಯ ಪಕ್ಷ. ಮನಸ್ಸಿನೊಳಗಿರುವುದನ್ನು ಮುಚ್ಚಿಡದೆ ಬಿಡಿಸುತ್ತೇನೆ ಎಂಬುದು ಕ್ರಂಬ್ ಕೊಡುವ ಸಮಾಧಾನ. ಮನೆಯ ಕಸವನ್ನು ಬೀದಿಗೆ ಸುರಿದ ಮಾತ್ರಕ್ಕೆ ಮನೆ ಶುದ್ಧವಾಗದು, ಬೀದಿ ಕೆಡುವುದು ಮಾತ್ರ ನಿಶ್ಚಯ. ಆದರೂ ಎರಡನೆಯ ಸಂಜೆ ಮತ್ತೆ ಹೋಗಿ ಕುಳಿತೆವಷ್ಟೆ. ಅದಕ್ಕೆ ಕಾರಣ ಅವನಲ್ಲ, ಅವನ ಅಣ್ಣ.

ಆ ಮನೆಯಲ್ಲಿ ಮೂವರು ಗಂಡುಮಕ್ಕಳು, ಇಬ್ಬರು ಹೆಣ್ಣುಮಕ್ಕಳು. ತಂದೆ ಸೈನ್ಯದಲ್ಲಿದ್ದವನು, ಜನರಿಗೆ ತರಬೇತಿ ಕೊಡುವ ವಿಧಾನವನ್ನು ಕುರಿತು ಪುಸ್ತಕವನ್ನೇ ಬರೆದವನು. ಅಂಥವನು ತನ್ನ ಮಕ್ಕಳಿಗೆ ಕೊಟ್ಟ ಪೆಟ್ಟುಗಳನ್ನು ಮಕ್ಕಳು ನಡುವಯಸ್ಸಿನಲ್ಲಿಯೂ ಎಣಿಸಿ ಹೇಳುತ್ತಾರೆ. ಹೆಣ್ಣುಮಕ್ಕಳಿಬ್ಬರೂ ಕ್ಯಾಮೆರಾದ ಮುಂದೆ ಬರಲು ಒಪ್ಪಲಿಲ್ಲ.

ಹಿರಿಯ ಮಗ ಚಾರ್ಲ್ಸ್. 'ಟ್ರೆಷರ್ ಐಲೆಂಡ್' ಎಂಬ 1950ರ ಚಲನಚಿತ್ರದ ಹುಚ್ಚು ಹಿಡಿದು, ತಮ್ಮಂದಿರನ್ನೆಲ್ಲ ಕೂಡಿಸಿಕೊಂಡು ದಿನವೂ ಚಿತ್ರಕಥೆ ಬರೆಯಿಸಿದವನು ಅವನೇ. ರಾಬರ್ಟನ ಕೈಗೆ ಲೇಖನಿ ಬಂದದ್ದು ಈ ಅಣ್ಣನ ಒತ್ತಾಯದಿಂದ. ಚಿತ್ರೀಕರಣದ ಕಾಲಕ್ಕೆ ಚಾರ್ಲ್ಸನಿಗೆ ಐವತ್ತರ ಹತ್ತಿರ. ವೃದ್ಧ ತಾಯಿಯ ಮನೆಯಲ್ಲಿ, ಮಹಡಿಯ ಕೋಣೆಯೊಂದರಲ್ಲಿ, ಪುಸ್ತಕಗಳ ನಡುವೆ ವಾಸ. ಹೊರಗೆ ಹೋಗುವುದಿಲ್ಲ. ಮನೋರೋಗದ ಔಷಧಗಳನ್ನು ಸೇವಿಸುತ್ತಾನೆ. ಬುದ್ಧಿ ಮಾತ್ರ ಹರಿತವಾಗಿದೆ. ತನ್ನ ದುರವಸ್ಥೆಯನ್ನು ತಾನೇ ಹಾಸ್ಯ ಮಾಡಿ ಮೆಲ್ಲನೆ ನಗುತ್ತಾನೆ. ಆ ನಗೆಯನ್ನು ಕೇಳಿದವರು ಮರೆಯಲಾರರು.

ರಾಬರ್ಟನು ಅಣ್ಣನ ಹಳೆಯ ನೋಟುಪುಸ್ತಕಗಳನ್ನು ತಿರುವಿ ತೋರಿಸುವ ಭಾಗ ಬಹು ದಾರುಣವಾದುದು. ಮೊದಲ ಪುಟಗಳಲ್ಲಿ ಚೆಲುವಾದ ಚಿತ್ರಗಳು. ಬರುಬರುತ್ತ ಬಟ್ಟೆಬರೆಯ ಮೇಲೆಲ್ಲ ಸುಕ್ಕಿನ ಗೆರೆಗಳು ದಟ್ಟವಾಗುತ್ತವೆ. ಬಳಿಕ ಪಾತ್ರಗಳ ಮಾತು ಉದ್ದವಾಗಿ ಚಿತ್ರವನ್ನು ಮೂಲೆಗೆ ತಳ್ಳುತ್ತದೆ. ಮುಂದೆ ಚಿತ್ರವೇ ಇಲ್ಲ. ಕೊನೆಯಲ್ಲಿ ಪುಟದ ತುಂಬ ಸಾಲುಸಾಲಾಗಿ ಸಣ್ಣ ಗೀಚು, ದೂರದಿಂದ ಬರಹದಂತೆ ಕಾಣುವುದು, ಹತ್ತಿರ ಹೋದರೆ ಒಂದಕ್ಷರವೂ ಇಲ್ಲ. ತಾಡವೋಲೆಗಳನ್ನು ಓದುವುದರಲ್ಲಿಯೇ ನಾವು ಆಯುಷ್ಯವನ್ನು ಕಳೆದಿದ್ದೇವೆ. ಹುಳು ತಿಂದ ಓಲೆಯಲ್ಲಿಯೂ ಹುಡುಕಿದರೆ ಅರ್ಥ ಸಿಕ್ಕೀತು. ಇಲ್ಲಿ ಹುಡುಕಲು ಏನೂ ಇರಲಿಲ್ಲ.

ಕಿರಿಯವನಾದ ಮ್ಯಾಕ್ಸನ್ ನಮ್ಮ ದೇಶದ ಸಾಧನೆಗಳಿಗೆ ಮನಸೋತವನು. ಸ್ಯಾನ್ ಫ್ರಾನ್ಸಿಸ್ಕೊದ ಬಡ ವಸತಿಗೃಹವೊಂದರಲ್ಲಿ ಮೊಳೆಗಳ ಹಾಸಿನ ಮೇಲೆ ಕುಳಿತು ಧ್ಯಾನಿಸುತ್ತಾನೆ, ಬೀದಿಯಲ್ಲಿ ಭಿಕ್ಷೆಗೆ ಕೂಡುತ್ತಾನೆ, ಒಡಲ ಶುದ್ಧಿಗೆಂದು ಉದ್ದನೆಯ ಬಟ್ಟೆಯ ಪಟ್ಟಿಯನ್ನು ನುಂಗುತ್ತಾನೆ. ಹಠಯೋಗದ ಧೌತಿಕ್ರಿಯೆಯನ್ನು ಇದು ಹೋಲುತ್ತದೆ. ನಾಲ್ಕು ಬೆರಳಗಲದ, ಹದಿನೈದು ಮೊಳದ ವಸ್ತ್ರವನ್ನು ಹೇಳುವ ಹಠಯೋಗ ಪ್ರದೀಪಿಕೆಯು ಗುರು ತೋರಿದ ಮಾರ್ಗದಲ್ಲಿಯೇ ಎಂದೂ ವಿಧಿಸುತ್ತದೆ. ಆ ಗುರು ಇವನಿಗೆ ದೊರೆತಂತೆ ಕಾಣಲಿಲ್ಲ. ದೇಹವನ್ನು ವಜ್ರವಾಗಿಸಿಕೊಂಡ ಗೋರಕ್ಷನಿಗೆ ಅಲ್ಲಮಪ್ರಭುಗಳು ಏನನ್ನು ತೋರಿಸಿದರೆಂಬುದನ್ನು ನಮ್ಮ ಓದುಗರಿಗೆ ಹೇಳಬೇಕಾಗಿಲ್ಲ.

ರಾಬರ್ಟನ ಕೈಯಾದರೋ ಎಲ್ಲಿ ಕುಳಿತರೂ ಬಿಡಿಸುತ್ತಲೇ ಇರುತ್ತದೆ. ಬಿಡಿಸದಿದ್ದರೆ ಮನಸ್ಸು ಹದಗೆಡುತ್ತದೆಂದು ಅವನೇ ಹೇಳುತ್ತಾನೆ. ಕಾಯಕವೇ ಅವನನ್ನು ಉಳಿಸಿತು ಎಂದು ಬರೆದುಬಿಡುವ ಆಸೆ ನಮಗೂ ಆಯಿತು. ಆದರೆ ಚಾರ್ಲ್ಸನೂ ಬಿಡಿಸಿದನಲ್ಲವೆ? ತಮ್ಮನಿಗಿಂತ ಮೊದಲು, ಬಹುಶಃ ತಮ್ಮನಿಗಿಂತ ಹೆಚ್ಚು ಶ್ರದ್ಧೆಯಿಂದ. ಚಿತ್ರ ತೆರೆಗೆ ಬರುವ ಮೊದಲೇ, 1992ರಲ್ಲಿ, ಅವನು ಪ್ರಾಣ ಕಳೆದುಕೊಂಡನು. ರಾಬರ್ಟನು ಹೆಂಡತಿ ಅಲೀನ್ ಮತ್ತು ಮಗಳೊಡನೆ ಫ್ರಾನ್ಸಿಗೆ ಹೋಗಿ ನೆಲೆಸಿದನು. 2009ರಲ್ಲಿ ಬೈಬಲ್ಲಿನ ಮೊದಲ ಕಾಂಡವನ್ನು ಆದ್ಯಂತವಾಗಿ ಚಿತ್ರಿಸಿ ಪ್ರಕಟಿಸಿದನು. ಅಲೀನ್ ತಾನೂ ಚಿತ್ರಕಥೆಗಾರ್ತಿ, 2022ರಲ್ಲಿ ತೀರಿಕೊಂಡಳು.

ಈಗ ತರುಣನ ದೊಡ್ಡಪ್ಪನ ಮಾತು. ಮನೆಯವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇವೆ. ಮೂವತ್ತೈದು ವರ್ಷಗಳ ಹಿಂದೆ, ಕಾಲೇಜಿನಲ್ಲಿ ಮೊದಲಿಗನಾಗಿದ್ದ ಹುಡುಗ ಹಠಾತ್ತನೆ ಅಟ್ಟದ ಕೋಣೆ ಸೇರಿದನು. ಅವನ ತಂದೆ ನಮ್ಮಲ್ಲಿಗೆ ಬಂದರು. ನಾವು ವಿಭೂತಿ ಕೊಟ್ಟು, "ಕೈಗೆ ಕಾಯಕ ಕೊಡಿರಿ, ಮನಸ್ಸು ತಾನಾಗಿ ನಿಲ್ಲುವುದು" ಎಂದು ಹೇಳಿ, ಪ್ರತಿ ಮಾಡಲು ಒಂದು ಓಲೆಗ್ರಂಥವನ್ನೂ ಕಳುಹಿಸಿದೆವು. ಹುಡುಗ ಹಗಲಿರುಳು ಬರೆದನು. ತುಂಬಿದ ನೋಟುಪುಸ್ತಕ ಬಂದಾಗ ಮೊದಲ ಪುಟಗಳ ದುಂಡಕ್ಷರವನ್ನು ಕಂಡು ಮೆಚ್ಚಿ, ಮುಂದೆ ನೋಡದೆ ಕಟ್ಟಿಟ್ಟೆವು. ಹೀಗೆ ಎರಡು ವರ್ಷ ಹೋದವು. ಕಡೆಗೆ ಅವನ ತಾಯಿ, ಯಾರ ಮಾತನ್ನೂ ಕೇಳದೆ, ಅವನನ್ನು ಧಾರವಾಡಕ್ಕೆ ಕರೆದೊಯ್ದು ಮಾನಸಿಕ ವೈದ್ಯರಿಗೆ ತೋರಿಸಿದರು. ಮೊದಲೇ ಬಂದಿದ್ದರೆ ಒಳಿತಾಗುತ್ತಿತ್ತು ಎಂದು ವೈದ್ಯರು ಹೇಳಿದರಂತೆ. ಆ ತಾಯಿ ನಮಗೆ ಒಂದು ಮಾತೂ ಆಡಲಿಲ್ಲ. ಮಗ ಇಂದಿಗೂ ಗುಳಿಗೆ ತೆಗೆದುಕೊಳ್ಳುತ್ತಾನೆ. ತಮ್ಮನ ಅಂಗಡಿಯ ಲೆಕ್ಕ ಬರೆಯುತ್ತಾನೆ.

ಚಿತ್ರ ಮುಗಿದ ರಾತ್ರಿ ಆ ಕಟ್ಟನ್ನು ಬಿಚ್ಚಿದೆವು. ಇಪ್ಪತ್ತೊಂದನೆಯ ಪುಟದವರೆಗೆ ಅಕ್ಷರಗಳಿದ್ದವು.